ಕಿಳ್ಳೇಕ್ಯಾತ, ಬಂಗಾರಕ್ಕ ಜೋಡಿಗೆ ಅವರದೇ ಒಂದು ಅನಿಮೇಷನ್ ಸಿನಿಮಾ: ಮಾಡುವುದು ಹೇಗೆ

ದೊಡ್ಡ ಸಿನಿಮಾದ ಮೂಲೆಯಲ್ಲಿ ನಿಂತು ಮಂದಿಯನ್ನು ನಗಿಸಿದ ಪಾತ್ರಗಳಿಗೆ ಮುಂದೆ ಪೂರ್ತಿ ಸಿನಿಮಾನೇ ಸಿಕ್ಕ ಉದಾಹರಣೆಗಳು ಅನಿಮೇಷನ್‌ನಲ್ಲಿ ಸಾಕಷ್ಟಿವೆ. 2005ರ ಮಡಗಾಸ್ಕರ್ ಚಿತ್ರದ ಪೆಂಗ್ವಿನ್‌ಗಳಿಗೆ 2014ರಲ್ಲಿ ಸ್ವಂತ ಚಿತ್ರ ಬಂತು. 2010ರ ಡೆಸ್ಪಿಕಬಲ್ ಮಿಯ ಹಳದಿ ಮಿನಿಯನ್‌ಗಳದ್ದು 2015ರಲ್ಲಿ ಬಂದು ನೂರು ಕೋಟಿ ಡಾಲರ್ ದಾಟಿತು. 2004ರ ಎರಡನೇ ಶ್ರೆಕ್‌ನಲ್ಲಿ ಬೂಟು ಹಾಕಿಕೊಂಡು ಬಂದ ಬೆಕ್ಕಿಗೆ 2011ರಲ್ಲಿ ಒಂದು, 2022ರಲ್ಲಿ ಇನ್ನೊಂದು.

ನಮ್ಮ ಕಡೆ ಇಂಥ ಜೋಡಿ ಯಾವುದು ಅಂದರೆ ನನ್ನ ಉತ್ತರ ಒಂದೇ: ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಗಣಪತಿ, ಸರಸ್ವತಿ ಬಂದು ಹೋದ ಮೇಲೆ ಪರದೆ ಮೇಲೆ ನುಗ್ಗುವ ಗಂಡ ಹೆಂಡತಿ ಇವರು. ರಾಮಾಯಣ ನಡೆದಿದ್ದರೆ ರಾಮಾಯಣದ ನಡುವೆ, ಭಾರತ ನಡೆದಿದ್ದರೆ ಭಾರತದ ನಡುವೆ ಜಗಳಾಡಿ ಹೋಗುತ್ತಾರೆ. ಕೊಪ್ಪಳ ಜಿಲ್ಲೆ ಮೋರನಾಳದ ಗೊಂಬೆಯಾಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಆಟದ ಬಗ್ಗೆ ಹೊಸ ಹುಡುಗರಲ್ಲೂ ಕುತೂಹಲ ಎದ್ದಿದೆ. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಅನಿಮೇಷನ್ ಕಲಿತವರು ನಾಲ್ಕು ಮಂದಿ ಸೇರಿದರೆ ಆರು ನಿಮಿಷದ ಕಿರುಚಿತ್ರ ಮಾಡಲು ಅಡ್ಡಿಯಿಲ್ಲ. ಅದಕ್ಕೆ ಏನೇನು ಬೇಕು, ಎಲ್ಲಿ ಕೆಡುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಆರೇ ನಿಮಿಷ ಯಾಕೆ? ಪೆಂಗ್ವಿನ್‌ಗಳನ್ನೇ ನೋಡಿ. ಅವು ಒಮ್ಮೆಲೇ ಒಂದೂವರೆ ತಾಸಿನ ಸಿನಿಮಾಕ್ಕೆ ಜಿಗಿಯಲಿಲ್ಲ. 2005ರಲ್ಲೇ ಹನ್ನೆರಡು ನಿಮಿಷದ ಒಂದು ಕ್ರಿಸ್ಮಸ್ ಕಿರುಚಿತ್ರ, ಆಮೇಲೆ 2008ರಿಂದ ಟಿವಿ ಸರಣಿ, ಅದಾದ ಮೇಲೆ ದೊಡ್ಡ ಪರದೆ. ಹಾಸ್ಯಪಾತ್ರ ಎಷ್ಟು ಹೊತ್ತು ಒಬ್ಬಂಟಿಯಾಗಿ ನಿಲ್ಲುತ್ತದೆ ಅನ್ನುವುದು ಸಣ್ಣದರಲ್ಲಿ ಮಾಡಿ ನೋಡಿದರೇ ಗೊತ್ತಾಗುವುದು.

ನಾಯಕ ಎದ್ದುಹೋದರೆ ಏನು ಉಳಿಯುತ್ತದೆ

ಹಾಸ್ಯಪಾತ್ರದ ಬಲ ಅದರ ಪಕ್ಕದಲ್ಲಿ ನಿಂತವರಲ್ಲಿದೆ. ರಾಮ ನಗುವುದಿಲ್ಲ, ಅದಕ್ಕೇ ಕಿಳ್ಳೇಕ್ಯಾತನನ್ನು ನೋಡಿದರೆ ನಗು ಬರುತ್ತದೆ. ರಾಮನನ್ನು ತೆಗೆದು ಬರೀ ಕಿಳ್ಳೇಕ್ಯಾತನನ್ನು ಇಟ್ಟರೆ ಎರಡನೇ ನಿಮಿಷಕ್ಕೇ ಕಿರಿಕಿರಿ ಶುರುವಾಗುತ್ತದೆ, ಯಾಕೆಂದರೆ ಅವನು ಕೆಡಿಸಲು ಏನೂ ಉಳಿದಿರುವುದಿಲ್ಲ. ಬರೆಯಲು ಕೂತವರು ಮೊದಲು ಎಡವುವುದು ಇಲ್ಲೇ. ನಗೆಹನಿಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಕಥೆ ಆಯಿತು ಅಂದುಕೊಳ್ಳುತ್ತಾರೆ.

ಪೆಂಗ್ವಿನ್ ಚಿತ್ರದವರು ಇದಕ್ಕೆ ಕಂಡುಕೊಂಡ ದಾರಿ ಬಹಳ ಚಲೋ ಇದೆ. ನಾಲ್ವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ: ಸ್ಕಿಪ್ಪರ್ ಹುಕುಂ ಕೊಡುತ್ತಾನೆ, ಕೊವಾಲ್ಸ್ಕಿ ಲೆಕ್ಕ ಹಾಕುತ್ತಾನೆ, ರಿಕೋ ನುಂಗಿದ ಸಾಮಾನು ಬೇಕಾದಾಗ ಕಕ್ಕುತ್ತಾನೆ, ಪ್ರೈವೇಟ್ ಎಲ್ಲರಿಗಿಂತ ಸಣ್ಣವ. ಸಿನಿಮಾದ ಭಾವನೆಯ ಭಾರವನ್ನು ಹೊರಿಸಿದ್ದು ಆ ಸಣ್ಣವನ ಮೇಲೆ. ತಾನೂ ತಂಡಕ್ಕೆ ಬೇಕಾದವ ಅನ್ನಿಸಿಕೊಳ್ಳಬೇಕು ಅನ್ನುವುದಷ್ಟೇ ಅವನ ಆಸೆ. ಖಳನಾದ ಆಕ್ಟೋಪಸ್ ಡೇವ್‌ನ ಸಿಟ್ಟು ಎಲ್ಲಿಂದ ಹುಟ್ಟಿತು? ಪ್ರಾಣಿ ಸಂಗ್ರಹಾಲಯಗಳಲ್ಲಿ ಮಂದಿ ಮುದ್ದು ಪೆಂಗ್ವಿನ್ ನೋಡಲು ಓಡಿ ತನ್ನನ್ನು ಮರೆತರು ಅನ್ನುವುದರಿಂದ. ಅಂದರೆ ಈ ಪಾತ್ರಗಳು ಯಾವ ಗುಣದಿಂದ ಜನಪ್ರಿಯವಾದವೋ ಅದೇ ಗುಣ ಅವುಗಳ ವೈರಿಯನ್ನೂ ಹುಟ್ಟಿಸಿದೆ. ಹೊರಗಿನಿಂದ ಖಳನನ್ನು ತಂದು ಅಂಟಿಸಿಲ್ಲ.

ಮಿನಿಯನ್‌ಗಳ ಪಾಠ ಬೇರೆ. ಗುಂಪಿನಲ್ಲಿ ನಗಿಸುವ ನೂರಾರು ಮಂದಿಯನ್ನು ಒಂದೂವರೆ ತಾಸು ಹಿಂಬಾಲಿಸಲು ಆಗದು. ಹಾಗಾಗಿ ಮೂವರನ್ನು ಆರಿಸಿದರು, ಅದೂ ನೋಡುತ್ತಲೇ ಗುರುತು ಸಿಗುವಂತೆ: ಕೆವಿನ್ ಉದ್ದ, ಸ್ಟುವರ್ಟ್‌ಗೆ ಒಂದೇ ಕಣ್ಣು, ಬಾಬ್ ಗಿಡ್ಡ. ಅವರ ಭಾಷೆಯೋ ಹತ್ತು ಭಾಷೆಗಳ ಕಲಬೆರಕೆ, ನಿರ್ದೇಶಕ ಪಿಯರ್ ಕಾಫಿನ್ ತಾವೇ ಧ್ವನಿ ಕೊಟ್ಟದ್ದು. ಯಾವ ದೇಶಕ್ಕೆ ಹೋದರೂ ಅರ್ಥ ಮಾಡಿಸುವ ಗೊಡವೆಯಿಲ್ಲ. ಇದನ್ನು ನಾವು ಅನುಕರಿಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಿಳ್ಳೇಕ್ಯಾತ ಬದುಕಿರುವುದೇ ಮಾತಿನಲ್ಲಿ. ಅವನ ಬಾಯಿ ಮುಚ್ಚಿಸಿ ಬಿದ್ದು ಎದ್ದು ನಗಿಸಲು ಹೋದರೆ ಉಳಿಯುವುದು ಬರೀ ತೊಗಲು.

ಕಥೆಯ ಎಲುಬು: ದೀಪದ ಎಣ್ಣೆ

ಹಳೆಯ ಆಟದಲ್ಲಿ ಪರದೆ ಬೆಳಗುತ್ತಿದ್ದದ್ದು ಎಣ್ಣೆ ದೀಪದಿಂದ. ನಮ್ಮ ಕಥೆ ಅಲ್ಲೇ ಹುಟ್ಟಲಿ. ರಾಮಾಯಣ ನಡೆದಿದೆ, ದೀಪದಲ್ಲಿ ಎಣ್ಣೆ ತೀರುತ್ತ ಬಂದಿದೆ. ದೀಪ ಆರಿದರೆ ರಾಮನೂ ಇಲ್ಲ, ರಾವಣನೂ ಇಲ್ಲ. ಎಣ್ಣೆ ಕೊಡ ಪರದೆಯ ಆ ತುದಿಗೆ, ಗಂಡ ಹೆಂಡತಿ ಈ ತುದಿಗೆ. ನಡುವೆ ಕಥೆ ನಡೆಯುತ್ತಿದೆ. ಮೊದಲು ಮಾತೆತ್ತುವವಳು ಬಂಗಾರಕ್ಕ.

"ಎಣ್ಣಿ ಎಷ್ಟ್ ಐತಿ ನೋಡು."
"ಲಂಕಾ ಸುಡೂತನಕ ಬರೂದಿಲ್ಲ ಇದು."
"ಹಂಗಾರ ಹೋಗಿ ತಗೊಂಡ ಬಾ."
"ನಡುವ ರಾಮದೇವ್ರು ನಿಂತಾರಲ್ಲ!"
"ಚೂರು ಸರೀರಿ ಅನ್ನು."
"ಅವ್ರ ಕತಿಯೊಳಗ ನಾ ಇಲ್ಲಲ್ಲ ಬಂಗಾರಿ. ನನ್ನ ಮಾತ್ ಅವ್ರಿಗೆ ಕೇಳೂದಿಲ್ಲ."

ಕೊನೆಯ ಮಾತೇ ಚಿತ್ರದ ಕಾಯಿದೆ. ಕಥೆಯೊಳಗಿನವರು ಇವನನ್ನು ಕಿಳ್ಳೇಕ್ಯಾತ ಎಂದು ಗುರುತಿಸುವುದಿಲ್ಲ. ಮರವಾಗಿ ನಿಂತರೆ ಅವರಿಗೆ ಮರ, ಬಗ್ಗಿ ಕೂತರೆ ಕಲ್ಲು. ಈ ಕಾಯಿದೆಯನ್ನು ಒಮ್ಮೆಯೂ ಮುರಿಯಕೂಡದು. ರಾಮ, ಸೀತೆ, ಲಕ್ಷ್ಮಣರ ಗಾಂಭೀರ್ಯಕ್ಕೆ ಎಳ್ಳಷ್ಟೂ ಕುಂದು ತರಬೇಡಿ. ಭಕ್ತಿಯ ಕಾರಣ ಒಂದಾದರೆ, ಅವರು ಗಟ್ಟಿ ನಿಂತಷ್ಟೂ ಇವನ ಪರದಾಟ ಎದ್ದು ಕಾಣುತ್ತದೆ ಅನ್ನುವ ಕಸುಬಿನ ಕಾರಣ ಇನ್ನೊಂದು.

ಇದರಲ್ಲಿ ಒಂದು ಸಂಕಟವೂ ಇದೆ. ಕಿಳ್ಳೇಕ್ಯಾತ ಈ ಕಥೆಯನ್ನು ದಿನಾ ರಾತ್ರಿ ನೋಡಿದವ. ಜೋಗಿಯ ವೇಷದಲ್ಲಿ ಬಂದವನು ರಾವಣ ಅನ್ನುವುದು ಅವನಿಗೆ ಗೊತ್ತು, ಸೀತೆಗೆ ಹೇಳಲು ಬರುವುದಿಲ್ಲ. ನಗಿಸುವ ಪಾತ್ರಕ್ಕೆ ಪೂರ್ತಿ ಚಿತ್ರ ಕೊಡಲು ನನಗೆ ಕಾಣುವ ದೊಡ್ಡ ಕಾರಣ ಇದು: ಎಲ್ಲ ಬಲ್ಲವ, ಏನನ್ನೂ ಬದಲಿಸಲಾರದವ. ಅವನನ್ನು ವೀರನನ್ನಾಗಿ ಮಾಡಿ ಸೀತೆಯನ್ನು ಬಿಡಿಸಿದರೆ ಕಿಳ್ಳೇಕ್ಯಾತ ಅಲ್ಲೇ ಮುಗಿದ.

360 ಸೆಕೆಂಡುಗಳನ್ನು ಹೀಗೆ ಹಂಚಬಹುದು. ಗಣಪತಿ ಬಂದು ಹೋಗುವುದು 20, ಎಣ್ಣೆಯ ಜಗಳ 55, ಪರದೆ ದಾಟುವ ಮೂರು ಪ್ರಯತ್ನ ತಲಾ 70, ದೀಪಕ್ಕೆ ಎಣ್ಣೆ ಬೀಳುವುದು 50, ಹೆಸರುಗಳು 25. ಮೊದಲ ದಾಟಿಗೆ ಕಲ್ಲು, ಎರಡನೆಯದಕ್ಕೆ ಮರ. ಮೂರನೆಯದು ಎಣ್ಣೆ ಹೊತ್ತು ಮರಳುವಾಗ, ಸೀತಾಪಹರಣ ಕಣ್ಣೆದುರೇ ನಡೆಯುವಾಗ. ಮೂರನೆಯದರಲ್ಲಿ ನಗೆಯನ್ನು ತುರುಕಬೇಡಿ.

ಮರದ ದೃಶ್ಯವನ್ನು ಫ್ರೇಮಿನ ಲೆಕ್ಕದಲ್ಲಿ ನೋಡೋಣ, ಸೆಕೆಂಡಿಗೆ 24ರಂತೆ. ಕಿಳ್ಳೇಕ್ಯಾತ ಕೈ ಎತ್ತಿ ಸ್ತಬ್ಧ: 36 ಫ್ರೇಮು. ಜೋಗಿ ಮೂರು ಹೆಜ್ಜೆ ಬಂದು, ಹೆಜ್ಜೆಗೆ 12ರಂತೆ, ಮರದ ನೆರಳಿಗೆ ಕೂರುತ್ತಾನೆ. ಆಮೇಲೆ 20 ಫ್ರೇಮು ಏನೂ ಇಲ್ಲ. ಮರದ ಒಂದು ಬೆರಳು ಅಲುಗುತ್ತದೆ, 6 ಫ್ರೇಮು. ಮತ್ತೆ 30 ಫ್ರೇಮು ನಿಶ್ಚಲ. ಜೋಗಿ ತಲೆ ಎತ್ತಿ ನೋಡುತ್ತಾನೆ, ಒಂದು ಎಲೆ ಉದುರುತ್ತದೆ. ಅಷ್ಟೇ. ಇಲ್ಲಿ ಕಿಳ್ಳೇಕ್ಯಾತನ ಕಣ್ಣು ಗರಗರ ತಿರುಗಿಸುವುದು, ಹಿಂದೆ ಬುರ್ ಅಂತ ಸದ್ದು ಹಾಕುವುದು, ಈ ಆಸೆ ಎಲ್ಲರಿಗೂ ಬರುತ್ತದೆ. ಹಾಕಿದರೆ ನಗು ಸಾಯುತ್ತದೆ. ನೋಡುವವರು ನಗುವುದು ಆ 30 ಫ್ರೇಮಿನ ನಿಶ್ಚಲದಲ್ಲಿ.

ಗೊಂಬೆ ಕೇಳುವುದು, ಫೋಟೋ ತೆಗೆಯುವುದು

ಕಿಳ್ಳೇಕ್ಯಾತ ಅನ್ನುವ ಪಾತ್ರ ಯಾರೊಬ್ಬರ ಸ್ವತ್ತಲ್ಲ. ಆದರೆ ನಿಮ್ಮ ಕೈಗೆ ಬರುವ ಗೊಂಬೆಯನ್ನು ಒಂದು ಮನೆತನ ಹದ ಮಾಡಿ, ಕೊರೆದು, ಬಣ್ಣ ಹಚ್ಚಿ ತಲೆಮಾರುಗಳಿಂದ ಕಾಪಾಡಿಕೊಂಡಿದೆ. ಪಾತ್ರದ ಹೆಸರೇ ಆಟ ಆಡಿಸುವ ಸಮುದಾಯದ ಹೆಸರೂ ಹೌದು (ಶಿಳ್ಳೇಕ್ಯಾತ ಅಂತಲೂ ಅನ್ನುತ್ತಾರೆ), ಆದ್ದರಿಂದ ಆಡುವ ಮಾತಿನಲ್ಲಿ ಅವಮಾನ ನುಸುಳದಂತೆ ನೋಡಬೇಕು. ಮೂರು ಕೆಲಸ ಮೊದಲೇ ಮಾಡಿ: ಗೊಂಬೆ ಬಳಸಲು ರೊಕ್ಕ ಎಷ್ಟು, ಎಷ್ಟು ವರ್ಷಕ್ಕೆ, ಯಾವುದಕ್ಕೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಕಥೆಯನ್ನು ಅವರಿಗೆ ಓದಿ ಹೇಳಿ. ಚಿತ್ರಪಟ ಜೋಡಿಸಿದ ಕಚ್ಚಾ ರೂಪವನ್ನು ಅವರ ಮುಂದೆ ಓಡಿಸಿ. ಎಲ್ಲಿ ಮಾತು ಹಳಸಲು ಅನ್ನಿಸುತ್ತದೆ, ಎಲ್ಲಿ ಗೊಂಬೆ ಹಾಗೆ ಕುಣಿಯುವುದಿಲ್ಲ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ತಿಳಿಯುತ್ತದೆ. ಮೂಲ ಆಟದ ಕಿಳ್ಳೇಕ್ಯಾತನ ಮಾತು ಬಹಳ ಕಡೆ ಪೋಲಿಯಾಗಿರುತ್ತದೆ. ಚಿತ್ರ ಶಾಲಾ ಮಕ್ಕಳಿಗೋ ದೊಡ್ಡವರಿಗೋ ಅನ್ನುವುದನ್ನು ಬರೆಯುವ ಮೊದಲೇ ನಿರ್ಧರಿಸಿ. ನಡುವೆ ಮನಸ್ಸು ಬದಲಿಸಿದರೆ ಅರ್ಧ ಮಾತು ಎಸೆಯಬೇಕಾಗುತ್ತದೆ. ಬಯಲಾಟ, ಗೊಂಬೆಯಾಟದ ವಿಷಯ ಓದಿಕೊಳ್ಳಬೇಕಿದ್ದರೆ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ.

ತೊಗಲುಗೊಂಬೆಯನ್ನು ಮುಂದಿನಿಂದ ಬೆಳಕು ಬಿಟ್ಟು ತೆಗೆದರೆ ಕಂದು ಚರ್ಮ ಕಾಣುತ್ತದೆ, ಗೊಂಬೆ ಕಾಣುವುದಿಲ್ಲ. ಆಡಿನ ತೊಗಲು ಹದವಾದಾಗ ಬೆಳಕು ಹಾಯುವಷ್ಟು ತೆಳುವಾಗುತ್ತದೆ, ಆ ಕೆಂಪು, ಹಸಿರು ಬೆಳಗುವುದು ಹಿಂದಿನ ಬೆಳಕಿನಿಂದ. ಅಂಗಡಿ ಬೋರ್ಡು ಮಾಡುವವರ ಹತ್ತಿರ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಸಿಗುತ್ತದೆ. 3 ಮಿಲಿಮೀಟರ್ ದಪ್ಪ, ನಾಲ್ಕು ಅಡಿಗೆ ಮೂರು ಅಡಿ ಸಾಕು. ಅದನ್ನು ನೆಟ್ಟಗೆ ನಿಲ್ಲಿಸಿ ಹಿಂದೆ ಒಂದು ಅಡಿ ದೂರದಲ್ಲಿ ಎಲ್‌ಇಡಿ ಫಲಕ ಇಡಿ. ಹತ್ತಿರ ಇಟ್ಟರೆ ನಡುವೆ ಬೆಳಕಿನ ಚುಕ್ಕೆಗಳು ಬೀಳುತ್ತವೆ. ಕ್ಯಾಮೆರಾ ಹಾಳೆಯ ಮುಂದೆ ಎರಡು ಮೀಟರ್ ದೂರದಲ್ಲಿ, 50 ಎಂಎಂ ಲೆನ್ಸ್, ಐಎಸ್‌ಒ 100, ಎಫ್/8. ಶಟರ್ 1/50 ಅಥವಾ ಅದಕ್ಕಿಂತ ನಿಧಾನ, ಏಕೆಂದರೆ ನಮ್ಮ ಕರೆಂಟು 50 ಹರ್ಟ್ಸ್‌ನದು, ಅಗ್ಗದ ಎಲ್‌ಇಡಿಯಲ್ಲಿ ವೇಗದ ಶಟರ್ ಅಡ್ಡ ಪಟ್ಟೆ ಹೊಡೆಯುತ್ತದೆ. ಬಿಳಿ ಸಮತೋಲವನ್ನು (ವೈಟ್ ಬ್ಯಾಲೆನ್ಸ್) ಖಾಲಿ ಹಾಳೆಯ ಮೇಲೆ ಒಮ್ಮೆ ಹೊಂದಿಸಿ, ಮತ್ತೆ ಮುಟ್ಟಬೇಡಿ.

ಒಡವೆಗಳಿಗಾಗಿ ಕೊರೆದ ಸಣ್ಣ ತೂತುಗಳೇ ದೊಡ್ಡ ಸವಾಲು. ಬಣ್ಣ ಚಲೋ ಬರಲಿ ಎಂದು ಬೆಳಕು ಏರಿಸಿದರೆ ತೂತುಗಳಿಂದ ನೇರ ಬರುವ ಬಿಳುಪು ಸುತ್ತ ಹರಡಿ ಇಡೀ ಕಂಠೀಹಾರ ಒಂದೇ ಬಿಳಿ ಪಟ್ಟಿಯಾಗುತ್ತದೆ. ಎರಡು ಫೋಟೋ ತೆಗೆಯಿರಿ: ಒಂದು ಬಣ್ಣಕ್ಕೆ, ಇನ್ನೊಂದು ಎರಡು ಸ್ಟಾಪ್ ಕಡಿಮೆ, ಅಂದರೆ ಕಾಲುಭಾಗ ಬೆಳಕಿನಲ್ಲಿ, ತೂತಿಗೆ. ಆಮೇಲೆ ಕ್ರಿಟಾ ಅಥವಾ ಗಿಂಪ್‌ನಂಥ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎರಡನೆಯದರಿಂದ ಬರೀ ಒಡವೆಯ ಭಾಗ ತೆಗೆದು ಮೊದಲನೆಯದರ ಮೇಲೆ ಕೂರಿಸಿ. ಗೊಂಬೆ ಸೊಟ್ಟಗಾಗಿದ್ದರೆ ಗಾಜಿನಿಂದ ಒತ್ತುವ ಮನಸ್ಸಾಗುತ್ತದೆ. ಹಳೆ ತೊಗಲು ಒಣಗಿ ಮುರಿಯುವ ಸ್ಥಿತಿಯಲ್ಲಿರುತ್ತದೆ, ಒತ್ತಬೇಡಿ. ಗೊಂಬೆಯವರೇ ಕೋಲಿನಿಂದ ಹಾಳೆಗೆ ಆನಿಸಿ ಹಿಡಿಯಲಿ. ಫೋಟೋದಲ್ಲಿ ಬಿದ್ದ ಕೋಲನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು, ಮುರಿದ ಗೊಂಬೆಯನ್ನು ಸರಿಮಾಡಲಾಗದು.

ಕತ್ತರಿಸುವುದು, ಕೀಲು ಕೂಡಿಸುವುದು

ಕಿಳ್ಳೇಕ್ಯಾತನ ಫೋಟೋವನ್ನು ಕಂಪ್ಯೂಟರಿನಲ್ಲಿ 11 ತುಂಡು ಮಾಡಿ: ತಲೆ, ಜುಟ್ಟು, ಹೊಟ್ಟೆ ಸಹಿತ ಮೈ, ತೋಳು ಎರಡು, ಮುಂಗೈ ಎರಡು, ತೊಡೆ ಎರಡು, ಮೊಣಕಾಲ ಕೆಳಗಿನದು ಎರಡು. ಬಂಗಾರಕ್ಕನಿಗೆ 8 ಸಾಕು: ತಲೆ, ಜಡೆ, ಮೈ, ತೋಳು ಮುಂಗೈ ಸೇರಿ ನಾಲ್ಕು, ಸೀರೆಯ ಕೆಳಭಾಗ ಒಂದೇ ತುಂಡು. ಪ್ರತಿ ಕೀಲಿನ ತುದಿಯನ್ನು ದುಂಡಗೆ ಬಿಡಬೇಕು, ಆ ದುಂಡಿನ ನಡುಬಿಂದುವೇ ತಿರುಗುವ ಬಿಂದು. ನೆಟ್ಟಗೆ ಕತ್ತರಿಸಿದರೆ ಮೊಣಕೈ ಮಡಿಚಿದಾಗ ಹೊರಬದಿಯಲ್ಲಿ ತ್ರಿಕೋನದ ಕಿಂಡಿ ಬಿಡುತ್ತದೆ. ತುಂಡುಗಳನ್ನು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿಯಾಗಿ ಉಳಿಸಿ, ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಒಳಗೇ ಕತ್ತರಿಸಿ. ಇಲ್ಲವಾದರೆ ಹಾಳೆಯ ಬಿಳುಪು ಗೊಂಬೆಯ ಸುತ್ತ ನೂಲಿನಂತೆ ಉಳಿಯುತ್ತದೆ.

ಅನಿಮೇಷನ್ ತಂತ್ರಾಂಶಗಳಾದ ಬ್ಲೆಂಡರ್‌ನಲ್ಲಾಗಲಿ ಓಪನ್‌ಟೂನ್ಜ್‌ನಲ್ಲಾಗಲಿ ತುಂಡುಗಳನ್ನು ಒಂದರ ಮೇಲೊಂದು ಇಟ್ಟಾಗ ಅವು ಸಹಜವಾಗಿ ಕಾಗದದ ಸ್ಟಿಕರಿನಂತೆ ಕಾಣುತ್ತವೆ. ನಿಜವಾದ ಆಟದಲ್ಲಿ ಎರಡು ತೊಗಲು ಒಂದರ ಮೇಲೊಂದು ಬಂದ ಕಡೆ ಬೆಳಕು ಎರಡು ಪದರ ಹಾಯ್ದು ಬರುತ್ತದೆ, ಆದ್ದರಿಂದ ಪ್ರತಿ ಕೀಲಿನಲ್ಲೂ ಒಂದು ದಟ್ಟ ದುಂಡು ಕಾಣುತ್ತದೆ. ಪದರಗಳ ಮಿಶ್ರಣವನ್ನು (ಬ್ಲೆಂಡ್ ಮೋಡ್) ಮಲ್ಟಿಪ್ಲೈಗೆ ಬದಲಿಸಿದರೆ ಆ ದಟ್ಟ ದುಂಡು ತಾನಾಗಿ ಬರುತ್ತದೆ. ನೋಡುವವರಿಗೆ ಇದು ತೊಗಲು ಅನ್ನುವ ನಂಬಿಕೆ ಹುಟ್ಟಿಸುವುದು ಈ ಒಂದೇ ಬದಲಾವಣೆ. ಅದಕ್ಕೆ ಬೆಲೆಯಾಗಿ ಒಂದು ನಿರ್ಬಂಧ ಒಪ್ಪಬೇಕು: ಹಿಂದೆ ಕಾಡು, ಅರಮನೆ ಎಂದು ಚಿತ್ರ ಬರೆದರೆ ಅದೆಲ್ಲ ಗೊಂಬೆಯ ಮೈಯೊಳಗಿಂದ ಹಾಯ್ದು ಕಾಣುತ್ತದೆ. ಹಿನ್ನೆಲೆ ಬಿಳಿ ಪಂಚೆಯ ನೇಯ್ಗೆ ಮಾತ್ರ ಇರಲಿ. ಮರ ಬೇಕಿದ್ದರೆ ಅದೂ ಒಂದು ತೊಗಲುಗೊಂಬೆಯೇ ಆಗಲಿ.

ಚಲನೆಯಲ್ಲಿ ಮೊದಲು ಬಿಡಬೇಕಾದ್ದು ಕಂಪ್ಯೂಟರ್ ತಾನೇ ತುಂಬಿಕೊಡುವ ನಡುವಿನ ಫ್ರೇಮುಗಳು. ಅವುಗಳಿಂದ ಗೊಂಬೆ ನೀರಿನಲ್ಲಿ ತೇಲಿದಂತೆ ಕಾಣುತ್ತದೆ. ಇಂಟರ್‌ಪೊಲೇಷನ್ ಕಾನ್‌ಸ್ಟಂಟ್ ಮಾಡಿ, ಪ್ರತಿ ಭಂಗಿ ಕನಿಷ್ಠ ಎರಡು ಫ್ರೇಮು ನಿಲ್ಲಲಿ. ಮೈ ಮೊದಲು ಕದಲಲಿ, ಕೈಕಾಲು ಎರಡು ಫ್ರೇಮು ತಡವಾಗಿ ಹಿಂಬಾಲಿಸಲಿ, ಕೋಲಿಗೆ ಕಟ್ಟಿದ ಗೊಂಬೆ ಹಾಗೇ ಜೋಲುವುದು. ಹಿಂದಿರುಗಿ ನಿಲ್ಲಬೇಕಾದರೆ ಗೊಂಬೆಯನ್ನು ಮಗುಚುತ್ತಾರೆ, ಅಗಲವನ್ನು ಎರಡು ಫ್ರೇಮು ಅರ್ಧಕ್ಕಿಂತ ಕಡಿಮೆ ಮಾಡಿ ಕನ್ನಡಿಬಿಂಬಕ್ಕೆ ತಂದರೆ ಸಾಕು. ಗೊಂಬೆ ಪರದೆಗೆ ಆನಿದಾಗ ಗೆರೆ ಚೂಪು, ಹಿಂದೆ ಸರಿದಾಗ ದೊಡ್ಡದಾಗಿ ಮಸುಕು. ಪಾತ್ರ ಬರುವುದು ಹೋಗುವುದನ್ನೆಲ್ಲ ಈ ಮಸುಕಿನಲ್ಲೇ ಮಾಡಿ, 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ 25 ಪಿಕ್ಸೆಲ್ ಮಸುಕಿನಿಂದ ಸೊನ್ನೆಗೆ, 10 ಫ್ರೇಮಿನಲ್ಲಿ.

ಮಾತು

ಧ್ವನಿ ಮೊದಲು, ಚಿತ್ರ ಆಮೇಲೆ. ಗಂಡ ಹೆಂಡತಿಗೆ ಧ್ವನಿ ಕೊಡುವ ಇಬ್ಬರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿ ರೆಕಾರ್ಡ್ ಮಾಡಿ. ಬೇರೆ ಬೇರೆ ಮಾಡಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದಿಲ್ಲ, ಜಗಳ ಪಾಠ ಒಪ್ಪಿಸಿದಂತೆ ಆಗುತ್ತದೆ. ಮೈಕು ಬಾಯಿಂದ ಒಂದು ಗೇಣು, 48 ಕಿಲೋಹರ್ಟ್ಸ್, 24 ಬಿಟ್, ಜೋರು ಮಾತು ಮೈನಸ್ 6 ಡೆಸಿಬಲ್ ದಾಟದಂತೆ. ಗೋಡೆಗೆ ಕೌದಿ ತೂಗುಹಾಕಿ, ಫ್ಯಾನ್ ಬಂದ್ ಮಾಡಿ, ಖಾಲಿ ಕೋಣೆಯ ಸದ್ದು ಅರ್ಧ ನಿಮಿಷ ಬೇರೆ ತೆಗೆದಿಡಿ. ಗದಗ ಕಡೆಯವರು ಒಬ್ಬರು, ಮೈಸೂರು ಕಡೆಯ ಮಾತು ಕಲಿತ ಇನ್ನೊಬ್ಬರು ಅಂತಾದರೆ ಜೋಡಿ ಕೂಡುವುದಿಲ್ಲ. ನಟನೆ ಸ್ವಲ್ಪ ಕಡಿಮೆಯಿದ್ದರೂ ಮನೆಮಾತು ಇದೇ ಇರುವವರನ್ನು ಆರಿಸಿ.

ತುಟಿ ಕೂಡಿಸುವ ಕೆಲಸವೇ ಇಲ್ಲ, ಗೊಂಬೆಯ ಬಾಯಿ ಆಡುವುದಿಲ್ಲ. ಒತ್ತು ಬೀಳುವ ಅಕ್ಷರಕ್ಕೆ ಕೈಯೋ ತಲೆಯೋ ಒಮ್ಮೆ ಜಿಗಿಯಬೇಕು, ಅದೂ ಸದ್ದಿಗಿಂತ ಎರಡು ಫ್ರೇಮು ಮೊದಲು. ಸದ್ದಿನ ಜೊತೆಗೇ ಇಟ್ಟರೆ ಕಣ್ಣಿಗೆ ತಡವಾದಂತೆ ಕಾಣುತ್ತದೆ. ಯಾರು ಮಾತಾಡುತ್ತಿಲ್ಲವೋ ಅವರು ಅಲುಗಬಾರದು. ಇಬ್ಬರೂ ಅಲುಗಿದರೆ ಯಾರ ಮಾತು ಅನ್ನುವುದೇ ತಿಳಿಯುವುದಿಲ್ಲ.

ರೆಂಡರ್, ಪ್ರದರ್ಶನ, ಹೆಸರು

360 ಸೆಕೆಂಡಿಗೆ 8640 ಫ್ರೇಮು. ಕಂಪ್ಯೂಟರ್ ಒಂದನ್ನು ರೆಂಡರ್ ಮಾಡಲು, ಅಂದರೆ ಅಂತಿಮ ಚಿತ್ರವಾಗಿ ತೆಗೆಯಲು, 10 ಸೆಕೆಂಡು ಹಿಡಿದರೆ ಸರಿಯಾಗಿ 24 ತಾಸು. ಎಲ್ಲವೂ ಎರಡೆರಡು ಫ್ರೇಮು ನಿಲ್ಲುವುದರಿಂದ ಫ್ರೇಮ್ ಸ್ಟೆಪ್ 2 ಮಾಡಿ 4320 ಮಾತ್ರ ತೆಗೆದು, ಜೋಡಿಸುವಾಗ ಸೆಕೆಂಡಿಗೆ 12ರಂತೆ ಓಡಿಸಬಹುದು. ಹಾಗೆ ಮಾಡುವುದಾದರೆ ಎಲ್ಲ ಭಂಗಿಯೂ ಬೆಸ ಸಂಖ್ಯೆಯ ಫ್ರೇಮಿನಲ್ಲೇ ಬದಲಾಗಬೇಕು. ನೇರ ವಿಡಿಯೋ ಫೈಲಿಗೆ ರೆಂಡರ್ ಹಚ್ಚಬೇಡಿ. ಬೇಸಿಗೆಯಲ್ಲಿ ನಡುರಾತ್ರಿ ಕರೆಂಟು ಹೋದರೆ ಅಷ್ಟೂ ಕೆಲಸ ಹಾಳು. ಬಿಡಿ ಪಿಎನ್‌ಜಿಗಳಾಗಿ ತೆಗೆಯಿರಿ, ಬ್ಲೆಂಡರ್‌ನಲ್ಲಿ ಓವರ್‌ರೈಟ್ ತೆಗೆದುಹಾಕಿ, ಕರೆಂಟು ಬಂದ ಮೇಲೆ ನಿಂತ ಫ್ರೇಮಿನಿಂದಲೇ ಮುಂದುವರಿಯುತ್ತದೆ. ಕರೆಂಟು ಹೋದ ಗಳಿಗೆಯ ಕೊನೆಯ ಫೈಲು ಅರ್ಧ ಬರೆದಿರಬಹುದು, ಅದನ್ನು ಅಳಿಸಿ ಶುರುಮಾಡಿ.

ದೀಪ ಮಂಕಾಗುತ್ತ ಹೋಗುವುದನ್ನು ಪರದೆಯ ಬೆಳಕಿನಲ್ಲೇ ತೋರಿಸುತ್ತೇವೆ. ಮನೆಯ ಮಾನಿಟರಿನಲ್ಲಿ ಶೇಕಡಾ 20 ಕೂಡ ಚೆಂದ ಕಾಣುತ್ತದೆ. ಕಿಟಕಿಗೆ ಪರದೆಯಿಲ್ಲದ ಹಳ್ಳಿ ಶಾಲೆಯಲ್ಲಿ ಪ್ರೊಜೆಕ್ಟರ್ ಹಚ್ಚಿದರೆ ಅದು ಬರೀ ಕಪ್ಪು. ಶೇಕಡಾ 35ಕ್ಕಿಂತ ಕೆಳಗೆ ಇಳಿಸಬೇಡಿ, ಉಳಿದ ಕತ್ತಲನ್ನು ಬಣ್ಣ ಕೆಂಪಿಗೆ ತಿರುಗಿಸಿ, ಜ್ವಾಲೆಯ ನಡುಕ ಹೆಚ್ಚಿಸಿ ತೋರಿಸಬಹುದು.

ಹೆಸರು ಹಾಕುವಾಗ ಗೊಂಬೆ ಕೊಟ್ಟ ಮನೆತನದ್ದು ಮೊದಲ ಫಲಕ, ನಿರ್ದೇಶಕರದ್ದು ಆಮೇಲೆ. ಗೊಂಬೆ ಕೊರೆದವರು ಇಂಥವರು ಎಂದು ಗೊತ್ತಿದ್ದರೆ ಅದನ್ನೂ ಸೇರಿಸಿ. 25 ಸೆಕೆಂಡಿನಲ್ಲಿ ಆರು ಫಲಕ ಆರಾಮಾಗಿ ಹಿಡಿಸುತ್ತವೆ, ತಲಾ ನಾಲ್ಕು ಸೆಕೆಂಡು. 1080 ಗೆರೆಯ ಚಿತ್ರದಲ್ಲಿ ಅಕ್ಷರದ ಅಳತೆ 54 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ. ಶಿಳ್ಳೇಕ್ಯಾತ ಅನ್ನುವ ಹೆಸರಿನಲ್ಲೇ ಎರಡು ಒತ್ತಿವೆ, ಸಾಲು ಇಕ್ಕಟ್ಟಾದರೆ ಅವು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿದು ಹಿಂದಿನ ಬೆಂಚಿನವರಿಗೆ ಓದಲು ಬರುವುದಿಲ್ಲ.